ಆ ಮಾತು ಯಾರದು, ಆ ಚಿತ್ರ ಎಲ್ಲಿಯದು?

ಪ್ರಶ್ನೆ: ನನ್ನ ಚಿಕ್ಕಮ್ಮ ಮೂವತ್ತು ವರ್ಷ ಚಿತ್ರಕಲೆ ಕಲಿಸಿದವರು. ಅವರು ತೀರಿಕೊಂಡ ಮೇಲೆ ಅವರ ನೋಟ್‌ಪುಸ್ತಕ ನನ್ನ ಕೈಸೇರಿತು. ಅದನ್ನು ಆಧರಿಸಿ ಅವರ ನೆನಪಿಗೆ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸಬೇಕೆಂದಿದ್ದೇನೆ. ಆದರೆ ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಮೊದಲ ಪುಟದಲ್ಲಿ ಅವರು ಹೀಗೆ ಬರೆದುಕೊಂಡಿದ್ದಾರೆ: ‘ಅಮೃತಶಿಲೆಯೊಳಗೆ ದೇವದೂತನನ್ನು ಕಂಡೆ, ಅವನು ಬಿಡುಗಡೆಯಾಗುವವರೆಗೆ ಕೆತ್ತಿದೆ – ಮೈಕೆಲೆಂಜೆಲೊ.’ ಈ ಮಾತು ನೂರಾರು ಕಡೆ ಸಿಗುತ್ತದೆ, ಆದರೆ ಅವನ ಯಾವ ಪತ್ರದಲ್ಲಿದೆ ಎಂದು ಒಬ್ಬರೂ ಹೇಳುವುದಿಲ್ಲ. ಇನ್ನೊಂದು ಪುಟದಲ್ಲಿ ಯಾವುದೋ ಪತ್ರಿಕೆಯಿಂದ ಕತ್ತರಿಸಿದ ಚಿತ್ರ ಅಂಟಿಸಿದ್ದಾರೆ: ಕಿಟಕಿಯ ಬಳಿ ನಿಂತು ಪತ್ರ ಓದುವ ಹುಡುಗಿ. ಕೆಳಗೆ ಪೆನ್ಸಿಲ್‌ನಲ್ಲಿ ‘ವರ್ಮೀರ್?’ ಎಂದಿದೆ. ಹುಡುಕಿದಾಗ ಅಂಥದೇ ಚಿತ್ರ ಸಿಕ್ಕಿತು. ಆದರೆ ಅದರಲ್ಲಿ ಹಿಂದಿನ ಗೋಡೆಯ ಮೇಲೆ ಬಿಲ್ಲು ಹಿಡಿದ ಬೆತ್ತಲೆ ಹುಡುಗನ ದೊಡ್ಡ ಚಿತ್ರವಿದೆ. ನನ್ನದರಲ್ಲಿ ಗೋಡೆ ಬೋಳು. ನನ್ನದು ನಕಲಿನ ಚಿತ್ರವೇ? ಮೂರನೆಯದು, ಅವರ ಕೋಣೆಯಲ್ಲಿದ್ದ ಚಿಕ್ಕ ತೈಲಚಿತ್ರ. ಸಹಿ ಕಾಣುವುದಿಲ್ಲ. ಹಿಂಭಾಗದಲ್ಲಿ ಹರಿದ ಚೀಟಿ, ಅದರ ಮೇಲೊಂದು ಸಂಖ್ಯೆ, ಪಕ್ಕದಲ್ಲಿ ಕೈಬರಹದ ಒಂದು ಸಾಲು. ಒಂದು ಮ್ಯೂಸಿಯಂಗೆ ಇ-ಮೇಲ್ ಬರೆದು ಎರಡು ತಿಂಗಳಾಯಿತು, ಉತ್ತರವಿಲ್ಲ. ಹಣ ಕೊಟ್ಟರೆ ಫೋಟೊ ನೋಡಿಯೇ ಪ್ರಮಾಣಪತ್ರ ಕೊಡುತ್ತೇವೆ ಎನ್ನುವವರು ಸಿಕ್ಕಿದ್ದಾರೆ. ಸಂಶೋಧಕಿಯಲ್ಲದ ನನ್ನಂಥವಳಿಗೆ ಇದೆಲ್ಲ ಆಗುವ ಕೆಲಸವೇ? ತಪ್ಪು ಅಚ್ಚು ಹಾಕಿ ಚಿಕ್ಕಮ್ಮನ ಹೆಸರಿಗೆ ಕುಂದು ತರಲು ಇಷ್ಟವಿಲ್ಲ.

ಉತ್ತರ: ಆಗುವ ಕೆಲಸ. ಕಲಾಗ್ರಂಥಾಲಯದ ಆಕರ ವಿಭಾಗದಲ್ಲಿ ಕುಳಿತು ಇಂಥ ಪ್ರಶ್ನೆಗಳಿಗೆ ವರ್ಷಗಟ್ಟಲೆ ಉತ್ತರ ಹುಡುಕಿದವನಾಗಿ ಹೇಳುತ್ತೇನೆ: ಗಟ್ಟಿ ಪದವಿಗಳಿದ್ದವರು ಕೈಚೆಲ್ಲಿದ್ದನ್ನೂ ನೋಡಿದ್ದೇನೆ, ಹಟ ಹಿಡಿದ ಮೊಮ್ಮಗಳೊಬ್ಬಳು ಎರಡು ವಾರದಲ್ಲಿ ಕಂಡುಹಿಡಿದದ್ದನ್ನೂ ನೋಡಿದ್ದೇನೆ. ನಿಮ್ಮ ಅಳುಕಿನ ಹಿಂದೆ ಇರುವುದು ಒಂದೇ ಪ್ರಶ್ನೆ: ಎಲ್ಲರೂ ಹೇಳುತ್ತಿದ್ದಾರೆ, ಯಾರೂ ತೋರಿಸುತ್ತಿಲ್ಲ, ಹಾಗಿದ್ದಾಗ ನಂಬುವುದು ಯಾವುದನ್ನು? ಬಹಳ ಜನ ಇಲ್ಲಿ ಒಂದೇ ನೆಗೆತಕ್ಕೆ ಮೂಲ ಮುಟ್ಟಲು ಹೋಗಿ ಬೀಳುತ್ತಾರೆ. ನೀವು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಿರಿ. ಇವತ್ತು ಇಲ್ಲಿರುವ ಈ ಮಾತು, ಈ ಚಿತ್ರ, ಈ ಚೀಟಿ ಇದಕ್ಕೂ ಮುಂಚೆ ಎಲ್ಲಿತ್ತು? ಅದಕ್ಕೂ ಮುಂಚೆ? ಎಲ್ಲಿ ದಾರಿ ತುಂಡಾಗುತ್ತದೋ ಆ ಜಾಗವನ್ನು ಗುರುತು ಹಾಕಿಕೊಳ್ಳಿ. ತುಂಡಾದ ಜಾಗವೂ ಒಂದು ಉತ್ತರವೇ.

ಮೊದಲು ಬೋಳು ಗೋಡೆಯ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಅದು ನಿಮ್ಮನ್ನು ಅನವಶ್ಯಕವಾಗಿ ಹೆದರಿಸಿದೆ. ನಿಮ್ಮ ವಿವರಣೆಯಂತೆ ಅದು ಜರ್ಮನಿಯ ಡ್ರೆಸ್ಡನ್ ನಗರದ ಸಂಗ್ರಹದಲ್ಲಿರುವ, ತೆರೆದ ಕಿಟಕಿಯ ಬಳಿ ಪತ್ರ ಓದುವ ಹುಡುಗಿಯ ಚಿತ್ರ. ಡಚ್ ಚಿತ್ರಕಾರ ವರ್ಮೀರ್ ಅದನ್ನು ಬರೆದದ್ದು ಸುಮಾರು 1657ರಿಂದ 1659ರ ನಡುವೆ. 1979ರಲ್ಲಿ ಎಕ್ಸ್-ರೇ ತೆಗೆದಾಗ ಬೋಳು ಗೋಡೆಯ ಅಡಿಯಲ್ಲಿ ನೀವು ಕಂಡ ಆ ಬಿಲ್ಲಿನ ಹುಡುಗ, ಅಂದರೆ ಪ್ರೇಮದೇವತೆ ಕ್ಯುಪಿಡ್‌ನ ಚಿತ್ರ ಅಡಗಿದೆ ಎಂದು ಗೊತ್ತಾಯಿತು. ಕಲಾವಿದನೇ ಮನಸ್ಸು ಬದಲಾಯಿಸಿ ಅದನ್ನು ಮುಚ್ಚಿರಬೇಕು ಎಂದು ಆಗ ಎಲ್ಲರೂ ಭಾವಿಸಿದರು. ಆದರೆ 2017ರಲ್ಲಿ ಶುರುವಾದ ಸಂರಕ್ಷಣಾ ಕೆಲಸದಲ್ಲಿ ಬಣ್ಣದ ಪದರಗಳನ್ನು ಪರೀಕ್ಷಿಸಿದಾಗ, ಮೂಲ ವಾರ್ನಿಷ್‌ಗೂ ಮೇಲೆ ಬಳಿದ ಬಣ್ಣಕ್ಕೂ ನಡುವೆ ಕೊಳೆಯ ಪದರವೊಂದು ಸಿಕ್ಕಿತು. ಚಿತ್ರ ಹಲವು ದಶಕ ಹಾಗೆಯೇ ಗೋಡೆಯ ಮೇಲಿದ್ದ ಬಳಿಕವೇ ಯಾರೋ ಕ್ಯುಪಿಡ್‌ನನ್ನು ಮುಚ್ಚಿದ್ದರು ಎಂದಾಯಿತು. ವರ್ಮೀರ್ 1675ರಲ್ಲೇ ತೀರಿಕೊಂಡಿದ್ದ. ಆಮೇಲೆ ಆ ಹೊದಿಕೆಯನ್ನು ಕೆರೆದು ತೆಗೆದು, 2021ರಲ್ಲಿ ಈಗಿನ ರೂಪದಲ್ಲಿ ಚಿತ್ರವನ್ನು ಪ್ರದರ್ಶನಕ್ಕಿಟ್ಟರು.

ಹಾಗಾಗಿ ನಿಮ್ಮ ಚಿಕ್ಕಮ್ಮ ಅಂಟಿಸಿದ್ದು ನಕಲು ಆಗಬೇಕಾಗಿಲ್ಲ. ಅದು ಹೊದಿಕೆ ತೆಗೆಯುವ ಮುಂಚಿನ ಫೋಟೊ, ಅಷ್ಟೇ. ಆ ಬೋಳು ಗೋಡೆಯೇ ನಿಮ್ಮ ತುಣುಕಿಗೆ ಒಂದು ಕಾಲದ ಗುರುತು. ಇನ್ನಷ್ಟು ಹತ್ತಿರದ ಕಾಲ ಬೇಕಿದ್ದರೆ ತುಣುಕಿನ ಬೆನ್ನನ್ನು ನೋಡಿ. ಪತ್ರಿಕೆಯ ಹಾಳೆ ಎಂದ ಮೇಲೆ ಹಿಂದೆ ಏನಾದರೂ ಅಚ್ಚಾಗಿಯೇ ಇರುತ್ತದೆ: ಅರ್ಧ ಜಾಹೀರಾತು, ಲೇಖನವೊಂದರ ಮೂರು ಸಾಲು, ಪುಟಸಂಖ್ಯೆ. ಅಂಟಿಸಿದ್ದನ್ನು ಕೀಳಬೇಡಿ, ಹಬೆ ಹಿಡಿಯಬೇಡಿ. ಆ ಒಂದು ಪುಟವನ್ನು ಮಾತ್ರ ಎತ್ತಿ ಹಿಂದಿನಿಂದ ಮೊಬೈಲ್ ಬೆಳಕು ಹಾಯಿಸಿ ಫೋಟೊ ತೆಗೆಯಿರಿ, ಆಮೇಲೆ ಅದನ್ನು ಕನ್ನಡಿಯಂತೆ ತಿರುಗಿಸಿ ಓದಿ. ಒಮ್ಮೆ ಹೀಗೆ ಕಂಡ ಅರ್ಧ ಕ್ಯಾಲೆಂಡರಿನ ಜಾಹೀರಾತಿನಿಂದಲೇ ಒಂದು ತುಣುಕಿನ ವರ್ಷ ನಮಗೆ ಸಿಕ್ಕಿತ್ತು.

ಈ ಚಿತ್ರದ ಇನ್ನೊಂದು ಸಂಗತಿ ನಿಮ್ಮ ಹುಡುಕಾಟಕ್ಕೆ ನೇರವಾಗಿ ಬೇಕಾಗುತ್ತದೆ. 1742ರಲ್ಲಿ ಸ್ಯಾಕ್ಸನಿಯ ಅರಸನಿಗಾಗಿ ಇದನ್ನು ಕೊಂಡಾಗ ರೆಂಬ್ರಾಂಟನ ಚಿತ್ರವೆಂದೇ ಕೊಂಡದ್ದು. ನಂತರ ಬೇರೆ ಡಚ್ ಕಲಾವಿದರ ಹೆಸರುಗಳಲ್ಲಿ ಓಡಾಡಿ, 19ನೇ ಶತಮಾನದ ನಡುವಿನಲ್ಲಷ್ಟೇ ಅದಕ್ಕೆ ವರ್ಮೀರ್‌ನ ಹೆಸರು ಬಂತು. ನೀವು ಅದಕ್ಕಿಂತ ಹಿಂದಿನ ಸೂಚಿಯಲ್ಲಿ ವರ್ಮೀರ್ ಎಂದು ಹುಡುಕಿದರೆ ಅದು ಸಿಗುವುದೇ ಇಲ್ಲ. ‘ಹಳೆಯ ದಾಖಲೆಯಲ್ಲಿ ಈ ಚಿತ್ರ ಇಲ್ಲ’ ಎಂದು ಜನ ಹೇಳುವಾಗ ಬಹುಪಾಲು ಇದೇ ಆಗಿರುತ್ತದೆ: ಚಿತ್ರ ಅಲ್ಲಿರುತ್ತದೆ, ಬೇರೆ ಹೆಸರಿನಲ್ಲಿ. ಶೀರ್ಷಿಕೆಯ ಕಥೆಯೂ ಅದೇ. ರೆಂಬ್ರಾಂಟನ ‘ನೈಟ್ ವಾಚ್’ (ರಾತ್ರಿಯ ಕಾವಲು) ಎಂಬುದು ಅವನು ಇಟ್ಟ ಹೆಸರಲ್ಲ. 1642ರಲ್ಲಿ ಮುಗಿದ ಆ ಚಿತ್ರಕ್ಕೆ, ವಾರ್ನಿಷ್ ಕಪ್ಪಾಗಿ ಹಗಲು ರಾತ್ರಿಯಂತೆ ಕಾಣತೊಡಗಿದ ಮೇಲೆ ಆ ಹೆಸರು ಅಂಟಿಕೊಂಡಿತು. ಸಾಲದ್ದಕ್ಕೆ 1715ರಲ್ಲಿ ಅದನ್ನು ಬೇರೆ ಗೋಡೆಗೆ ಹೊಂದಿಸಲು ಅಂಚು ಕತ್ತರಿಸಿದರು, ಅಳತೆಯೂ ಬದಲಾಯಿತು. ಅದಕ್ಕೇ ನಾನು ಯಾವತ್ತೂ ಶೀರ್ಷಿಕೆಯಿಂದ ಹುಡುಕಲು ಶುರು ಮಾಡುವುದಿಲ್ಲ. ಚಿತ್ರದಲ್ಲಿ ಕಣ್ಣಿಗೆ ಕಾಣುವುದು ಏನು, ಯಾವುದರ ಮೇಲೆ ಬರೆದದ್ದು, ಎಷ್ಟು ಎತ್ತರ ಎಷ್ಟು ಅಗಲ, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಇವುಗಳಿಂದ ಶುರು ಮಾಡುತ್ತೇನೆ.

ಈಗ ದೇವದೂತನ ಮಾತು. ಮೈಕೆಲೆಂಜೆಲೊನ ಪತ್ರಗಳಲ್ಲಿ ಅದು ಇಲ್ಲ, ಕವಿತೆಗಳಲ್ಲೂ ಆ ರೂಪದಲ್ಲಿ ಇಲ್ಲ. ಹಾಗೆಂದು ಚಿಕ್ಕಮ್ಮ ಗಾಳಿಮಾತು ಬರೆದುಕೊಂಡರು ಎಂದೂ ಅಲ್ಲ. ಅವನ ಒಂದು ಸಾನೆಟ್ಟಿನ (ಹದಿನಾಲ್ಕು ಸಾಲಿನ ಕವಿತೆಯ) ಆರಂಭದ ಅರ್ಥ ಸುಮಾರಾಗಿ ಹೀಗಿದೆ: ಅಮೃತಶಿಲೆಯ ಒಂದು ಬಂಡೆ ತನ್ನೊಳಗೆ ಇಟ್ಟುಕೊಂಡಿರದ ಯಾವ ಕಲ್ಪನೆಯೂ ಅತ್ಯುತ್ತಮ ಕಲಾವಿದನಿಗೆ ಹೊಳೆಯುವುದಿಲ್ಲ, ಬುದ್ಧಿಯ ಮಾತು ಕೇಳುವ ಕೈ ಮಾತ್ರ ಅದನ್ನು ಮುಟ್ಟುತ್ತದೆ. ಇದು ಪ್ರೇಮಕವಿತೆ, ಶಿಲ್ಪದ ಪಾಠವಲ್ಲ. ಅವನು ಬದುಕಿದ್ದಾಗಲೇ, 1547ರಲ್ಲಿ, ಬೆನೆಡೆಟ್ಟೊ ವಾರ್ಕಿ ಎಂಬ ವಿದ್ವಾಂಸ ಫ್ಲಾರೆನ್ಸಿನಲ್ಲಿ ಈ ಸಾನೆಟ್ಟಿನ ಮೇಲೆ ಉಪನ್ಯಾಸ ಕೊಟ್ಟಿದ್ದ. ಕಲ್ಲಿನೊಳಗೆ ಮೊದಲೇ ರೂಪವಿದೆ ಎಂಬ ಈ ಭಾವ ಬಾಯಿಂದ ಬಾಯಿಗೆ ದಾಟುತ್ತಾ ಚುಟುಕಾಗಿ, ಒಬ್ಬ ದೇವದೂತನನ್ನೂ ಸೇರಿಸಿಕೊಂಡು, ಕೊನೆಗೆ ನಿಮ್ಮ ಚಿಕ್ಕಮ್ಮನ ನೋಟ್‌ಪುಸ್ತಕಕ್ಕೆ ಬಂದಿರಬೇಕು ಎಂಬುದು ನನ್ನ ಊಹೆ.

ಕಲಾವಿದರ ಹೆಸರಿನಲ್ಲಿ ಓಡಾಡುವ ಮಾತುಗಳು ಹೆಚ್ಚಾಗಿ ಕೆಡುವುದು ನಾಲ್ಕು ದಾರಿಯಲ್ಲಿ. ಭಾವ ನಿಜ, ಪದ ಬೇರೆಯವರದು, ನಿಮ್ಮದು ಈ ಜಾತಿ. ಎರಡನೆಯದು, ಬೇರೆಯವರ ಮಾತಿಗೆ ದೊಡ್ಡ ಹೆಸರು ಅಂಟುವುದು. ಮೂರನೆಯದು ಕಟ್ಟುಕಥೆ: ಇಟಲಿಯ ಲೇಖಕ ಜೊವಾನಿ ಪಾಪಿನಿ 1951ರ ತನ್ನ ಪುಸ್ತಕವೊಂದರಲ್ಲಿ ಪಿಕಾಸೊನ ಜೊತೆಗಿನ ಕಾಲ್ಪನಿಕ ಸಂದರ್ಶನ ಬರೆದ. ಅದರಲ್ಲಿ ಪಿಕಾಸೊ ತಾನು ಜನರನ್ನು ರಂಜಿಸಿದವನಷ್ಟೇ ಎಂದು ಒಪ್ಪಿಕೊಳ್ಳುತ್ತಾನೆ. ಆ ‘ತಪ್ಪೊಪ್ಪಿಗೆ’ಯನ್ನು ನಿಜವೆಂದೇ ನಂಬಿ ಎಷ್ಟೋ ಜನ ಉದ್ಧರಿಸಿದರು. ನಾಲ್ಕನೆಯದು ಅನುವಾದ. ದೊಡ್ಡ ಕೆಲಸಗಳು ಸಣ್ಣ ಸಣ್ಣ ಸಂಗತಿಗಳು ಕೂಡಿ ಆಗುತ್ತವೆ ಎಂಬ ಮಾತು ವ್ಯಾನ್ ಗೋ ತನ್ನ ತಮ್ಮ ಥಿಯೊಗೆ 1882ರ ಅಕ್ಟೋಬರ್‌ನಲ್ಲಿ ಬರೆದ ಪತ್ರದಲ್ಲಿ ನಿಜಕ್ಕೂ ಇದೆ. ಆದರೆ ಅವನು ಬರೆದದ್ದು ಡಚ್ ಭಾಷೆಯಲ್ಲಿ. ಇಂಗ್ಲಿಷಿನಲ್ಲೇ ಅದಕ್ಕೆ ಹಲವು ರೂಪಗಳಿವೆ. ನೀವು ಒಂದು ರೂಪವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೆ ಇನ್ನೊಂದು ರೂಪ ಸಿಗುವುದಿಲ್ಲ, ಮೂಲವಂತೂ ಸಿಗುವುದೇ ಇಲ್ಲ. ಇಂಥಲ್ಲಿ ವಾಕ್ಯ ಬಿಟ್ಟು, ಅದರೊಳಗಿನ ಎರಡು ಅಪರೂಪದ ಪದಗಳನ್ನು ಮೂಲಭಾಷೆಗೆ ತಿರುಗಿಸಿ ಹುಡುಕಬೇಕು.

ಮೂಲ ಪುಸ್ತಕ ಸಿಕ್ಕಿತು ಎಂದುಕೊಂಡಾಗಲೂ ಯಾವ ಆವೃತ್ತಿ ಎಂದು ಕೇಳಿಕೊಳ್ಳಿ. ಮೈಕೆಲೆಂಜೆಲೊನ ಕವಿತೆಗಳು ಮೊದಲು ಅಚ್ಚಾದದ್ದು 1623ರಲ್ಲಿ. ಅಚ್ಚು ಹಾಕಿಸಿದವನು ಅವನ ತಮ್ಮನ ಮೊಮ್ಮಗ. ಗಂಡಸರನ್ನು ಉದ್ದೇಶಿಸಿದ ಪ್ರೇಮಕವಿತೆಗಳು ಮನೆತನದ ಮರ್ಯಾದೆಗೆ ಸರಿಯಲ್ಲ ಎನ್ನಿಸಿ ಆ ಮೊಮ್ಮಗ ಸರ್ವನಾಮಗಳ ಲಿಂಗವನ್ನೇ ಬದಲಿಸಿದ, ಸಾಲುಗಳನ್ನು ತಿದ್ದಿದ. ಹಸ್ತಪ್ರತಿಗಳನ್ನು ನೋಡಿ ಮೂಲ ಪಾಠವನ್ನು ಮತ್ತೆ ಹೊರತಂದದ್ದು 1863ರಲ್ಲಿ. ಇನ್ನೂರ ನಲವತ್ತು ವರ್ಷ ಜನ ಓದಿದ್ದು ತಿದ್ದಿದ ಮೈಕೆಲೆಂಜೆಲೊನನ್ನು! ನನಗೆ ಇದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ. ವ್ಯಾನ್ ಗೋನ ಪತ್ರಗಳಿಗೂ ಹಳೆಯ ಆವೃತ್ತಿಗಳಲ್ಲಿ ಒಂದು ಸಂಖ್ಯೆ, 2009ರಲ್ಲಿ ಬಂದ ಹೊಸ ಸಮಗ್ರ ಆವೃತ್ತಿಯಲ್ಲಿ ಬೇರೆ ಸಂಖ್ಯೆ. ಆ ಹೊಸ ಆವೃತ್ತಿ ಮೂಲ ಪಾಠ, ಅನುವಾದ, ಟಿಪ್ಪಣಿಗಳೊಂದಿಗೆ ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತದೆ. ನಾರ್ವೆಯ ಚಿತ್ರಕಾರ ಮುಂಕ್‌ನ ಬರಹಗಳೂ ಅಂತರ್ಜಾಲದಲ್ಲಿವೆ. ‘ಎಲ್ಲವೂ ಅಂತರ್ಜಾಲದಲ್ಲಿದೆ’ ಎನ್ನುವುದು ಸುಳ್ಳು, ಆದರೆ ಕೆಲವು ಕಲಾವಿದರ ಮಟ್ಟಿಗೆ ಇರುವುದು ಅತ್ಯುತ್ತಮವಾಗಿಯೇ ಇದೆ. ಉದ್ಧರಣೆಗಳ ಪುಟಗಳಲ್ಲಿ ದಿನ ಕಳೆಯುವ ಬದಲು ನೇರ ಅಲ್ಲಿಗೇ ಹೋಗಿ.

ಪತ್ರಗಳ ವಿಷಯದಲ್ಲಿ ನಾನು ಕಲಿತ ಒಂದು ಪಾಠವಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ದೂರದಿಂದ ಬಂದ ಓದುಗರೊಬ್ಬರಿಗೆ ‘ಆ ಕಲಾವಿದನ ಪತ್ರ ನಮ್ಮಲ್ಲಿಲ್ಲ’ ಎಂದು ಖಚಿತವಾಗಿ ಹೇಳಿ ಕಳಿಸಿದ್ದೆ. ಪತ್ರ ನಮ್ಮಲ್ಲೇ ಇತ್ತು. ಅದನ್ನು ಪಡೆದ ಹೆಂಗಸಿನ ಮದುವೆಯ ನಂತರದ ಹೆಸರಿನ ಕಟ್ಟಿನಲ್ಲಿತ್ತು. ಪತ್ರ ಇರುವುದು ಬರೆದವನ ಮನೆಯಲ್ಲಲ್ಲ, ಪಡೆದವರ ಮನೆಯಲ್ಲಿ. ವ್ಯಾನ್ ಗೋ ಬರೆದ 800ಕ್ಕೂ ಹೆಚ್ಚು ಪತ್ರಗಳು ಉಳಿದಿವೆ, ಅವುಗಳಲ್ಲಿ ಬಹುಪಾಲು ಉಳಿದದ್ದು ಥಿಯೊ ಜೋಪಾನ ಮಾಡಿದ್ದರಿಂದ. ವ್ಯಾನ್ ಗೋಗೆ ಬಂದ ಪತ್ರಗಳಲ್ಲಿ ಉಳಿದದ್ದು 80ರ ಆಸುಪಾಸು. ಆದ್ದರಿಂದ ಯಾವುದೇ ಕಲಾವಿದರ ಬರಹ ಹುಡುಕುವಾಗ ಅವರ ಹೆಸರಿನ ಜೊತೆಗೆ ಅವರ ವ್ಯಾಪಾರಿ, ಗೆಳೆಯ, ಪ್ರಕಾಶಕ, ಅತ್ತಿಗೆ, ಬಾಡಿಗೆ ಮನೆಯ ಒಡೆಯ ಇವರ ಹೆಸರುಗಳನ್ನೂ ಹುಡುಕಿ.

ಇನ್ನೂ ಒಂದು ಹೆಜ್ಜೆ ಆಚೆಗೆ ಹೋದರೆ, ಮುಖ್ಯವಾದ ಸಂಗತಿ ಕಲೆಗೆ ಸಂಬಂಧವೇ ಇಲ್ಲದ ಜಾಗದಲ್ಲಿ ಇರಬಹುದು. ಮೋನಾ ಲೀಸಾದಲ್ಲಿರುವವಳು ಯಾರು ಎಂಬ ವಾದ ಶತಮಾನಗಳಷ್ಟು ಹಳೆಯದು. 2005ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, 1477ರಲ್ಲಿ ಅಚ್ಚಾದ, ಪ್ರಾಚೀನ ರೋಮಿನ ವಾಗ್ಮಿ ಸಿಸೆರೊನ ಪತ್ರಗಳ ಪ್ರತಿಯೊಂದರ ಅಂಚಿನಲ್ಲಿ ಟಿಪ್ಪಣಿಯೊಂದು ಕಣ್ಣಿಗೆ ಬಿತ್ತು. ಫ್ಲಾರೆನ್ಸಿನ ಅಧಿಕಾರಿ ಅಗೊಸ್ಟಿನೊ ವೆಸ್ಪುಚಿ 1503ರ ಅಕ್ಟೋಬರ್‌ನಲ್ಲಿ ಬರೆದದ್ದು: ಲಿಯೊನಾರ್ಡೊ ಈಗ ಲೀಸಾ ದೆಲ್ ಜೊಕೊಂಡೊಳ ಚಿತ್ರದ ಕೆಲಸದಲ್ಲಿದ್ದಾನೆ ಎಂಬರ್ಥದ್ದು. ಪ್ರಾಚೀನ ಚಿತ್ರಕಾರ ಅಪೆಲ್ಲೀಸ್ ಬಗ್ಗೆ ಓದುತ್ತಿದ್ದವನಿಗೆ ತನ್ನೂರಿನ ಚಿತ್ರಕಾರ ನೆನಪಾದ, ಪಕ್ಕದಲ್ಲೇ ಗೀಚಿದ. ಯಾರಿಗೂ ತೋರಿಸಲೆಂದು ಬರೆದದ್ದಲ್ಲವಾದ್ದರಿಂದಲೇ ಅದಕ್ಕೆ ಅಷ್ಟು ಬೆಲೆ.

ಮೂರನೆಯದು, ನಿಮ್ಮ ತೈಲಚಿತ್ರ. ಇದರಲ್ಲಿ ಅಪಾಯ ಜಾಸ್ತಿ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಸಹಿ ಕಾಣಲೆಂದು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಎಣ್ಣೆ ಸವರಬೇಡಿ. ಹರಿದ ಚೀಟಿಯನ್ನು ಕಿತ್ತು ‘ಭದ್ರವಾಗಿ’ ಬೇರೆಡೆ ಇಡಬೇಡಿ. ಚಿತ್ರದಿಂದ ಬಿಡಿಸಿದ ಚೀಟಿಗೆ ಸಾಕ್ಷ್ಯದ ಬಲ ಇರುವುದಿಲ್ಲ. ಮೃದುವಾದ ಬಟ್ಟೆಯ ಮೇಲೆ ಚಿತ್ರವನ್ನು ನಿಲ್ಲಿಸಿ, ಕೋಣೆ ಕತ್ತಲು ಮಾಡಿ, ಟಾರ್ಚನ್ನು ಒಂದು ಬದಿಯಿಂದ ಮೇಲ್ಮೈಗೆ ಸವರುವಂತೆ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಕುಂಚದ ಏರು, ಒತ್ತಿ ಬರೆದ ಅಕ್ಷರ ಆಗ ನೆರಳು ಬೀರುತ್ತವೆ. ನಾಲ್ಕೂ ಬದಿಯಿಂದ ಹೀಗೆ ಫೋಟೊ ತೆಗೆಯಿರಿ. ಹಿಂಭಾಗ ಪೂರ್ತಿ, ಚೌಕಟ್ಟಿನ ಮರ, ಮೊಳೆಗಳು, ಕ್ಯಾನ್ವಾಸಿನ ಅಂಚು ಎಲ್ಲದರ ಫೋಟೊ ಇರಲಿ. ಪಕ್ಕದಲ್ಲಿ ಅಳತೆಪಟ್ಟಿ ಇಡುವುದನ್ನು ಮರೆಯಬೇಡಿ.

ಹಿಂಭಾಗದ ಸಂಖ್ಯೆ ನಾಲ್ಕೈದು ಬಗೆಯದಿರಬಹುದು: ವ್ಯಾಪಾರಿಯ ದಾಸ್ತಾನು ಸಂಖ್ಯೆ, ಪ್ರದರ್ಶನದ ಕ್ರಮಸಂಖ್ಯೆ, ಹರಾಜಿನ ಸಂಖ್ಯೆ, ಸಂಗ್ರಾಹಕರ ಪಟ್ಟಿಯ ಸಂಖ್ಯೆ, ಇಲ್ಲವೇ ಚೌಕಟ್ಟು ಹಾಕಿದವನ ಲೆಕ್ಕ. ಕೊರೆದ ಹಾಳೆಯ ಮೂಲಕ ಕಪ್ಪು ಮಸಿಯಲ್ಲಿ ಒತ್ತಿದ ಸಂಖ್ಯೆಯಾಗಿದ್ದರೆ ಅದು ಲಂಡನ್ನಿನ ಕ್ರಿಸ್ಟೀಸ್ ಹರಾಜು ಸಂಸ್ಥೆಯ ಗುರುತಾಗಿರುವ ಸಾಧ್ಯತೆ ಇದೆ. ವ್ಯಾಪಾರಿಯ ಹೆಸರಿನ ಒಂದು ತುಂಡು ಓದಲು ಸಿಕ್ಕರೂ ದಾರಿ ತೆರೆಯುತ್ತದೆ. ಗುಪಿಲ್, ನೋಡ್ಲರ್‌ನಂಥ ದೊಡ್ಡ ವ್ಯಾಪಾರಿಗಳ ದಾಸ್ತಾನು ಪುಸ್ತಕಗಳು ಅಮೆರಿಕದ ಗೆಟ್ಟಿ ಸಂಶೋಧನಾ ಸಂಸ್ಥೆಯಲ್ಲಿವೆ, ಅವುಗಳ ದತ್ತಾಂಶ ಉಚಿತವಾಗಿ ಹುಡುಕಲು ಸಿಗುತ್ತದೆ. ಕಾಗದದ ಮೇಲಿನ ಚಿತ್ರಗಳಲ್ಲಿ ಕಾಣುವ ಸಂಗ್ರಾಹಕರ ಪುಟ್ಟ ಮುದ್ರೆಗಳಿಗೆ ಫ್ರಿಟ್ಸ್ ಲುಗ್ಟ್ 1921ರಲ್ಲಿ ಹೊರತಂದ ಕೋಶವೇ ಇವತ್ತಿಗೂ ಆಧಾರ, ಅದೂ ಅಂತರ್ಜಾಲದಲ್ಲಿದೆ. ಕ್ಯಾನ್ವಾಸ್ ಮಾರಿದವನ ಮುದ್ರೆ ಹಿಂಭಾಗದಲ್ಲಿದ್ದರೆ, ಆ ಅಂಗಡಿ ಆ ವಿಳಾಸದಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಇತ್ತೆಂದು ನೋಡಿ ಚಿತ್ರದ ಕಾಲವನ್ನು ಒಂದು ಮಿತಿಯೊಳಗೆ ತರಬಹುದು. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಬ್ರಿಟಿಷ್ ವ್ಯಾಪಾರಿಗಳ ಮಟ್ಟಿಗೆ ಇಂಥ ಒಂದು ಕೋಶವನ್ನೇ ಮಾಡಿಟ್ಟಿದೆ.

ಕೈಬರಹದ ಸಾಲು ಕಲಾವಿದರದೇ ಎಂದು ಆತುರಪಡಬೇಡಿ, ಬೇರೆಯವರದು ಎಂದೂ ತಳ್ಳಿಹಾಕಬೇಡಿ. ಮುಂಕ್‌ನ ‘ಸ್ಕ್ರೀಮ್’ ಚಿತ್ರದ 1893ರ ಪ್ರತಿಯ ಮೇಲ್ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ, ಇದನ್ನು ಹುಚ್ಚನೊಬ್ಬ ಮಾತ್ರ ಬರೆದಿರಲು ಸಾಧ್ಯ ಎಂಬರ್ಥದ ಸಣ್ಣ ಸಾಲಿದೆ. ನೋಡಲು ಬಂದ ಯಾರೋ ಕೆಡಿಸಿದ್ದು ಎಂದೇ ಬಹಳ ಜನ ಭಾವಿಸಿದ್ದರು. ನಾರ್ವೆಯ ರಾಷ್ಟ್ರೀಯ ಮ್ಯೂಸಿಯಂ ಅತಿಗೆಂಪು ಕಿರಣದ ಛಾಯಾಚಿತ್ರ ತೆಗೆದು, ಆ ಅಕ್ಷರಗಳನ್ನು ಅವನ ದಿನಚರಿ, ಪತ್ರಗಳ ಕೈಬರಹದೊಂದಿಗೆ ಹೋಲಿಸಿ, 2021ರಲ್ಲಿ ಅದು ಮುಂಕ್‌ನದೇ ಬರಹ ಎಂದು ತಿಳಿಸಿತು. ನೀವು ಮೊದಲು ಮಾಡಬೇಕಾದದ್ದು ಇದಕ್ಕಿಂತ ಸುಲಭ: ಆ ಸಾಲನ್ನು ಚಿಕ್ಕಮ್ಮನ ನೋಟ್‌ಪುಸ್ತಕದ ಅಕ್ಷರದ ಪಕ್ಕ ಇಟ್ಟು ನೋಡಿ. ನೀವು ಅವರ ಕೋಣೆಯ ಚಿತ್ರ ಎಂದಿರಿ, ಅವರು ಚಿತ್ರ ಬರೆಯುತ್ತಿದ್ದರೇ ಎಂದು ಹೇಳಲಿಲ್ಲ. ಸಹಿ ಮಾಡದ ಆ ಚಿತ್ರ ಅವರದೇ ಅಥವಾ ಅವರ ವಿದ್ಯಾರ್ಥಿಯೊಬ್ಬರದು ಆಗಿರಬಹುದು ಎಂಬುದನ್ನು ನಾನಾದರೆ ಮೊದಲು ಪರಿಶೀಲಿಸುತ್ತಿದ್ದೆ.

ಫೋಟೊ ನೋಡಿ ಪ್ರಮಾಣಪತ್ರ ಕೊಡುವವರಿಗೆ ಒಂದು ಕಾಸನ್ನೂ ಕೊಡಬೇಡಿ. ವಸ್ತುವನ್ನು ಕೈಯಲ್ಲಿ ಹಿಡಿಯದೆ, ಒಡೆತನದ ಚರಿತ್ರೆ ನೋಡದೆ ಕೊಡುವ ಕಾಗದಕ್ಕೆ ಯಾವ ಮ್ಯೂಸಿಯಂ ಕೂಡ ಬೆಲೆ ಕೊಡುವುದಿಲ್ಲ. ಕಾಗದ ಅಚ್ಚುಕಟ್ಟಾಗಿದ್ದಷ್ಟೂ ನನಗೆ ಅನುಮಾನ ಹೆಚ್ಚು, ಅದಕ್ಕೆ ಕಾರಣವಿದೆ. ಬ್ರಿಟನ್ನಿನಲ್ಲಿ ಜಾನ್ ಡ್ರೂ ಎಂಬವನು ಜಾನ್ ಮೈಯಟ್ ಬರೆದುಕೊಟ್ಟ ನಕಲಿ ಚಿತ್ರಗಳಿಗೆ ನಕಲಿ ದಾಖಲೆ ಸೃಷ್ಟಿಸಿದ್ದಷ್ಟೇ ಅಲ್ಲ, ಅವನ್ನು ಪ್ರಸಿದ್ಧ ಪತ್ರಾಗಾರಗಳೊಳಗೇ ಸೇರಿಸಿಬಿಟ್ಟಿದ್ದ. ಹುಡುಕಲು ಹೋದವರಿಗೆ ಸಾಕ್ಷ್ಯ ಕಪಾಟಿನಲ್ಲೇ ಸಿಗುತ್ತಿತ್ತು. 1999ರಲ್ಲಿ ಇಬ್ಬರಿಗೂ ಶಿಕ್ಷೆಯಾಯಿತು. ಆದ್ದರಿಂದ ಒಂದೇ ದಾಖಲೆಯ ಮೇಲೆ ನಿಲ್ಲಬೇಡಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಡೆಯಿಂದ ಅದೇ ಸಂಗತಿ ಬರಬೇಕು. ಹತ್ತು ಜಾಲತಾಣಗಳು ಒಂದನ್ನೊಂದು ನೋಡಿ ಬರೆದಿದ್ದರೆ ಅದು ಒಂದೇ ಸಾಕ್ಷಿ.

ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಓದಲಾಗದ ಅಕ್ಷರ ಊಹಿಸಲು, ಗೊತ್ತಿಲ್ಲದ ಭಾಷೆಯ ಸಾಲಿನ ಅರ್ಥ ತಿಳಿಯಲು ಬಳಸಿ, ನಾನೂ ಬಳಸುತ್ತೇನೆ. ಆದರೆ ಅವು ಕೊಡುವ ಪತ್ರದ ದಿನಾಂಕ, ಪುಟಸಂಖ್ಯೆಗಳನ್ನು ಆ ಪುಟ ತೆರೆದು ಕಣ್ಣಾರೆ ನೋಡದೆ ಬಳಸಬೇಡಿ. ಇಲ್ಲದ ಪತ್ರಕ್ಕೆ ಇರುವಂಥದೇ ದಿನಾಂಕ ಕೊಟ್ಟದ್ದನ್ನು ನೋಡಿದ್ದೇನೆ.

ಮ್ಯೂಸಿಯಂ ಉತ್ತರಿಸದಿರುವುದನ್ನು ತಿರಸ್ಕಾರ ಎಂದುಕೊಳ್ಳಬೇಡಿ. ನನ್ನ ಮೇಜಿಗೆ ಬರುತ್ತಿದ್ದ ಪತ್ರಗಳಲ್ಲಿ ಏಳು ಪ್ರಶ್ನೆಗಳಿದ್ದ ಉದ್ದನೆಯದು ಯಾವಾಗಲೂ ‘ನಾಳೆ ನೋಡೋಣ’ ಎಂಬ ರಾಶಿಗೆ ಹೋಗುತ್ತಿತ್ತು. ಹೊಸದಾಗಿ ಬರೆಯಿರಿ. ಸಾಮಾನ್ಯ ವಿಳಾಸಕ್ಕಲ್ಲ, ಗ್ರಂಥಾಲಯ ಅಥವಾ ಪತ್ರಾಗಾರ ವಿಭಾಗಕ್ಕೆ. ಒಂದೇ ಪ್ರಶ್ನೆ, ಎರಡು ಫೋಟೊ, ಸೆಂಟಿಮೀಟರಿನಲ್ಲಿ ಅಳತೆ, ಈಗಾಗಲೇ ಎಲ್ಲೆಲ್ಲಿ ನೋಡಿದಿರಿ ಎಂಬ ಎರಡು ಸಾಲು. ಬೆಲೆ ಎಷ್ಟಾಗಬಹುದು ಎಂದು ಕೇಳಬೇಡಿ; ಸಾಮಾನ್ಯವಾಗಿ ಮ್ಯೂಸಿಯಂಗಳು ಬೆಲೆ ಹೇಳುವುದಿಲ್ಲ, ಆ ಮಾತು ಕಂಡರೆ ಪತ್ರವನ್ನೇ ಪಕ್ಕಕ್ಕಿಡುತ್ತವೆ. ಅವರ ಸಂಗ್ರಹದ ಕೃತಿಯ ಬಗ್ಗೆ ಕೇಳುವುದಾದರೆ, ಆ ಕೃತಿಯ ಕಡತದಲ್ಲಿ ಈ ಸಂಗತಿ ಇದೆಯೇ ಎಂದು ಕೇಳಿ. ಪ್ರತಿ ಕೃತಿಗೂ ಹಳೆಯ ಪತ್ರ, ಪತ್ರಿಕಾ ತುಣುಕು, ತಜ್ಞರ ಅಭಿಪ್ರಾಯಗಳನ್ನಿಟ್ಟ ಕಡತವಿರುತ್ತದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ.

ಇನ್ನು ಪುಸ್ತಕದಲ್ಲಿ ಹೇಗೆ ಅಚ್ಚು ಹಾಕಬೇಕು ಎಂಬುದು. ದೇವದೂತನ ಮಾತನ್ನು ತೆಗೆಯಬೇಡಿ, ಅದು ಚಿಕ್ಕಮ್ಮನ ಮೊದಲ ಪುಟ. ಅವರು ಬರೆದಂತೆಯೇ ಹಾಕಿ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಮೈಕೆಲೆಂಜೆಲೊನ ಹೆಸರಿನಲ್ಲಿ ಪ್ರಚಲಿತ, ಅವನ ಬರಹಗಳಲ್ಲಿ ಈ ರೂಪದಲ್ಲಿ ಇಲ್ಲ, ಇದೇ ಭಾವ ಅವನ ಒಂದು ಸಾನೆಟ್ಟಿನಲ್ಲಿದೆ’ ಎಂದು ಸೇರಿಸಿ. ವರ್ಮೀರ್‌ನ ತುಣುಕಿಗೆ ‘ಕ್ಯುಪಿಡ್ ಹೊರಬರುವ ಮುಂಚಿನ ಮುದ್ರಣ’ ಎಂದು ಬರೆದು, ಪೆನ್ಸಿಲ್‌ನ ಆ ಪ್ರಶ್ನಾರ್ಥಕ ಚಿಹ್ನೆಯೂ ಕಾಣುವಂತೆ ಪುಟದ ಫೋಟೊವನ್ನೇ ಹಾಕಿ. ಹಳೆಯ ಪತ್ರಿಕೆಯ ಛಾಯಾಚಿತ್ರಕ್ಕೆ, ಇತ್ತೀಚಿನ ಕಲಾವಿದರ ಮಾತುಗಳಿಗೆ ಹಕ್ಕುಸ್ವಾಮ್ಯ ಇರಬಹುದು; ಪತ್ರದ ಕಾಗದ ನಿಮ್ಮಲ್ಲಿದ್ದ ಮಾತ್ರಕ್ಕೆ ಅದರೊಳಗಿನ ಬರಹದ ಹಕ್ಕು ನಿಮ್ಮದಾಗುವುದಿಲ್ಲ. ಅಚ್ಚಿಗೆ ಕೊಡುವ ಮುನ್ನ ಪ್ರಕಾಶಕರೊಂದಿಗೆ ಇದನ್ನು ಮಾತಾಡಿಕೊಳ್ಳಿ.

ತೈಲಚಿತ್ರಕ್ಕೆ ಸದ್ಯಕ್ಕೆ ‘ಕಲಾವಿದರು ತಿಳಿದಿಲ್ಲ’ ಎಂದೇ ಹಾಕಿ, ಅಳತೆ ಮತ್ತು ಹಿಂಭಾಗದ ಸಂಖ್ಯೆಯನ್ನು ಜೊತೆಗೆ ಕೊಡಿ. ಅಚ್ಚಾದ ಆ ಸಂಖ್ಯೆಯನ್ನು ನೋಡಿ ಗುರುತು ಹಿಡಿದ ಯಾರಾದರೂ ನಿಮಗೆ ಬರೆಯಬಹುದು. ಬದಿಯ ಬೆಳಕಿನಲ್ಲಿ ತೆಗೆದ ಫೋಟೊಗಳು, ಚೀಟಿಯ ಹತ್ತಿರದ ಫೋಟೊ, ಚಿಕ್ಕಮ್ಮನ ಅಕ್ಷರದ ಒಂದು ಪುಟ, ಈ ಮೂರನ್ನು ನನಗೆ ಕಳಿಸಿಕೊಡಿ. ಚೀಟಿಯಲ್ಲಿ ಎಷ್ಟು ಅಕ್ಷರ ಉಳಿದಿವೆಯೋ ಅಷ್ಟನ್ನು ಕೂತು ಓದಲು ಪ್ರಯತ್ನಿಸುತ್ತೇನೆ.